ಡ್ಯಾಮಿನ ಮಟ್ಟ, ಟೆಂಟಿನ ಲೆಕ್ಕ

ಮಳೆಗಾಲ ಬಂತೆಂದರೆ ನಮ್ಮ ಭದ್ರಾವತಿ ಕಡೆ ಪೇಪರಿನಲ್ಲಿ ಮೊದಲು ನೋಡೋದು ಭದ್ರಾ ಡ್ಯಾಮಿನ ಮಟ್ಟ. 186 ಅಡಿ ಆದರೆ ಭರ್ತಿ. ಅಪ್ಪನಿಗೆ ಅದು ಭತ್ತದ ಲೆಕ್ಕ, ಬೆಂಗಳೂರಲ್ಲಿ ಕೀಬೋರ್ಡು ಕುಟ್ಟುವ ನನಗೆ ಊರಿನ ನೆನಪು. ಅದೇ ನಂಬರು ಇನ್ನೊಬ್ಬರಿಗೆ ಮನೆ ಕಿತ್ತುಕೊಂಡು ಹೊರಡುವ ಸೂಚನೆ ಅಂತ ತಿಳಿದಿದ್ದು 2025ರ ಬೇಸಿಗೆಯಲ್ಲಿ, ಲಕ್ಕವಳ್ಳಿಯಲ್ಲಿ.

ಹೋಗಿದ್ದು ರಿವರ್ ಟರ್ನ್ ಹಕ್ಕಿ ನೋಡೋಕೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ಅವು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಗಡ್ಡೆ ಮತ್ತೆ ಮುಳುಗುವುದರೊಳಗೆ ಮರಿಗಳ ರೆಕ್ಕೆ ಬಲಿಯಬೇಕು. ವಾಪಸ್ ಬರುವಾಗ ನೀರಿನ ಅಂಚಲ್ಲಿ ಒಂದು ನೀಲಿ ಟಾರ್ಪಾಲಿನ ಟೆಂಟು, ಪಕ್ಕದಲ್ಲಿ ಕವುಚಿ ಹಾಕಿದ ತೆಪ್ಪ ಕಂಡಿತು. ಮಾತಾಡಿಸಿದೆ.

"ಯಾವೂರು ಯಜಮಾನ್ರೇ?"

"ಕೊಪ್ಪಳದ ಕಡೆ ಅಂತಿದ್ರು ನಮ್ಮ ಹಿರೇರು. ನಾ ಹುಟ್ಟಿದ್ದು ಯಾವ್ದೋ ಕೆರೆ ದಂಡೆ ಮ್ಯಾಗೆ ಸಾರ್."

ಅವರು ಶಿಳ್ಳೇಕ್ಯಾತರು. ಸಂಜೆ ತೆಪ್ಪದಲ್ಲಿ ಹೋಗಿ ಬಲೆ ಬಿಡುತ್ತಾರೆ, ಬೆಳಕು ಹರಿಯುವ ಮುಂಚೆ ಎಳೆಯುತ್ತಾರೆ. ಏಳು ಗಂಟೆಗೆಲ್ಲ ಹೆಂಡತಿ ಸಿಲ್ವರ್ ಬೋಗುಣಿಯಲ್ಲಿ ಮೀನು ಹೊತ್ತು ರಸ್ತೆಗೆ. ಆ ದುಡ್ಡಲ್ಲೇ ಅಕ್ಕಿ, ಎಣ್ಣೆ, ತೆಪ್ಪದ ತಳಕ್ಕೆ ಬಳಿಯೋ ಡಾಂಬರು. ಮಧ್ಯಾಹ್ನ ಹರಿದ ಬಲೆ ಹೆಣೆಯುವ ಕೆಲಸ. ಒಲೆ ಅಂದರೆ ಮೂರು ಕಲ್ಲು. ಮೊಬೈಲ್ ಚಾರ್ಜಿಗೆ ಟೀ ಅಂಗಡಿ. ಗಾಳಿ ಬೀಸಿದ ರಾತ್ರಿ ಇಬ್ಬರೂ ಹಗ್ಗ ಹಿಡಿದು ಕೂರಬೇಕು. ಟೆಂಟಿನೊಳಗೆ ಅತಿ ಎತ್ತರದ ಜಾಗದಲ್ಲಿ, ಕಲ್ಲಿನ ಮೇಲೆ, ಒಂದು ಟ್ರಂಕು. ಅದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಪತ್ರ.

"ಅಜ್ಜನ ಕಾಲ್ದಾಗೆ ಪೆಟ್ಟಿಗೆ ತುಂಬ ಗೊಂಬೆ ಇದ್ವು" ಅಂದರು.

ಹೌದು, ತೊಗಲುಗೊಂಬೆ ಆಡಿಸುತ್ತಿದ್ದವರು ಇವರೇ. ಆಟದಲ್ಲಿ ಬರುವ ಹಾಸ್ಯಗಾರ ಕಿಳ್ಳೇಕ್ಯಾತನಿಂದಲೇ ಜನಾಂಗಕ್ಕೆ ಆ ಹೆಸರು ಅಂತಾರೆ. ಅವನ ಜೋಡಿ ಬಂಗಾರಕ್ಕ. ಆಡಿನ ಚರ್ಮದ ಗೊಂಬೆ, ಬಿಳಿ ಪರದೆ, ಹಿಂದೊಂದು ದೀಪ. ರಾತ್ರಿಯಿಡೀ ರಾಮಾಯಣ, ಭಾರತ. ಮಳೆ ಹೋದ ವರ್ಷ ಊರವರು ಕರೆಸಿ ಆಟ ಆಡಿಸುತ್ತಿದ್ದರು, ಆಡಿಸಿದರೆ ಮಳೆ ಬರುತ್ತದೆ ಅನ್ನೋ ನಂಬಿಕೆ. ಆಟ ಇಲ್ಲದ ದಿನ ಮೀನು. 1909ರಲ್ಲಿ ಥರ್ಸ್ಟನ್ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಬರೆದ ಪುಸ್ತಕದಲ್ಲೂ ಇವರ ಪ್ರಸ್ತಾಪ ಇದೆ. ಅಂದರೆ ಆಗ ಟೆಂಟು ಬಡತನದ ಗುರುತು ಮಾತ್ರ ಆಗಿರಲಿಲ್ಲ, ಕಸುಬಿನ ಭಾಗವಾಗಿತ್ತು. ಆಟ ಹೋಯಿತು, ಟೆಂಟು ಉಳಿಯಿತು. ಗೊಂಬೆಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಗಾಜಿನ ಹಿಂದೆ ಇವೆ. 2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ ಪದ್ಮಶ್ರೀ ಬಂದಾಗ ಫೇಸ್‌ಬುಕ್ಕಿನಲ್ಲಿ ನಾನೂ ಲೈಕ್ ಒತ್ತಿದ್ದೆ.

ಈಗ ಲಕ್ಕವಳ್ಳಿಯ ಚರಿತ್ರೆ ನೋಡಿ. 1947ರಲ್ಲಿ ಡ್ಯಾಮಿನ ಕೆಲಸ ಶುರು, ಮುಗಿದಿದ್ದು ಅರವತ್ತರ ದಶಕದಲ್ಲಿ. 1974ರಲ್ಲಿ ಸುತ್ತಲ ಕಾಡು ಭದ್ರಾ ಅಭಯಾರಣ್ಯ ಆಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2002ರ ಹೊತ್ತಿಗೆ ಕಾಡೊಳಗಿನ 400ಕ್ಕೂ ಹೆಚ್ಚು ಕುಟುಂಬಗಳನ್ನು ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಗೆ, ಕೆಳಗೂರಿಗೆ ಸ್ಥಳಾಂತರಿಸಿದರು. ಜಮೀನು, ಮನೆ ಕೊಟ್ಟರು. ದೇಶದಲ್ಲೇ ಒಳ್ಳೆಯ ಪುನರ್ವಸತಿ ಅಂತ ಹೆಸರಾಯಿತು. ಬಿಟ್ಟು ಬಂದವರ ಸಂಕಟ ಸಣ್ಣದಲ್ಲ. ಆದರೂ ಅವರನ್ನು ಎಣಿಸಲಾಯಿತು. ಎಣಿಸಬೇಕಾದರೆ ಮೊದಲು ಒಂದು ಊರು ಇರಬೇಕಲ್ಲ? ನೀರು ಏರಿದಾಗ ಮೇಲಕ್ಕೆ, ಇಳಿದಾಗ ಕೆಳಕ್ಕೆ ಜರುಗುವ ಟೆಂಟು ಯಾವ ಊರಿನ ಪುಸ್ತಕದಲ್ಲಿ ಬರುತ್ತದೆ?

ಅವರ ಮಗಳಿಗೆ ಒಂಬತ್ತು ವರ್ಷ ಇರಬಹುದು. ಇಷ್ಟರಲ್ಲಿ ಮೂರು ಶಾಲೆ ಆಗಿದೆ, ಈಗ ಯಾವುದೂ ಇಲ್ಲ. "ಹೋದ ಕಡೆ ಟೀಸಿ ಕೇಳ್ತಾರೆ" ಅಂದರು ಆಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟೀಸಿ ತಡವಾಯಿತು ಅಂತ ಮಗುವನ್ನು ಸೇರಿಸದೆ ಇರುವ ಹಾಗಿಲ್ಲ. ಅದನ್ನು ಹೇಳಿದೆ. ಆಕೆ ನಕ್ಕು, "ನೀವೇ ಬಂದು ಹೇಳ್ರಿ ಅಣ್ಣ" ಅಂದರು. ನಾನು ಹೋಗಲಿಲ್ಲ. ಭಾನುವಾರ, ರಾತ್ರಿ ಬಸ್ಸು ಹಿಡಿಯಬೇಕಿತ್ತು, ಸೋಮವಾರ ರಿಲೀಸು.. ಇವೆಲ್ಲ ನೆಪ.

ಸೋಮವಾರ ಆಫೀಸಿನಲ್ಲಿ ನಾನೇ ಬರೆದ ಒಂದು ಫಾರಂ ತೆರೆದೆ. "ಖಾಯಂ ವಿಳಾಸ" ಅನ್ನುವ ಕಡೆ ಕೆಂಪು ಚುಕ್ಕೆ ಇತ್ತು. ತುಂಬದಿದ್ದರೆ ಮುಂದಿನ ಪುಟ ಬರಲ್ಲ. ಎರಡು ವರ್ಷದ ಹಿಂದೆ ಒಂದು ನಿಮಿಷವೂ ಯೋಚಿಸದೆ ಹಾಕಿದ್ದು. ಅದನ್ನು ತೆಗೆಯೋಣ ಅಂತ ಮೀಟಿಂಗಿನಲ್ಲಿ ಹೇಳಿದೆ. "ವಿಳಾಸ ಇಲ್ದೆ ಯಾರಿರ್ತಾರೆ?" ಅಂದರು. ಲಕ್ಕವಳ್ಳಿಯ ಹೆಸರು ಹೇಳಿದೆ. ಚುಕ್ಕೆ ಇನ್ನೂ ಹಾಗೇ ಇದೆ, ನಾನೂ ಕೇಳುತ್ತಲೇ ಇದ್ದೇನೆ.

ಆ ಮಳೆಗಾಲದಲ್ಲಿ ಅಪ್ಪ ದಿನಾ ಫೋನಿನಲ್ಲಿ ಮಟ್ಟ ಹೇಳುತ್ತಿದ್ದರು, ಖುಷಿಯಿಂದ. ನಾನು ಟೆಂಟು ಎಷ್ಟು ಅಡಿ ಮೇಲೆ ಹೋಗಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ನಿಮ್ಮೂರ ಕೆರೆ ದಂಡೆಯಲ್ಲೂ ಇಂಥದ್ದೊಂದು ಟೆಂಟು ಇದ್ದರೆ ಸ್ವಲ್ಪ ಹೊತ್ತು ಕೂತು ಮಾತಾಡಿಸಿ, ಸ್ನೇಹಿತರೇ. ಕೇಳಿದ್ದನ್ನು ಬರೆದಿಡಿ. ಮತ್ತೆ, ಶಾಲೆಯವರೆಗೆ ಜೊತೆಗೆ ಬನ್ನಿ ಅಂದರೆ, ನನ್ನ ಹಾಗೆ ಬಸ್ಸಿನ ಟೈಮು ನೋಡಬೇಡಿ.