ಹಿಲ್ ಸ್ಟೇಷನ್ ಅಲ್ಲ, ಘಟ್ಟದ ಮೇಲೆ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಯಲ್ಲಾದರೂ ಸರಿ, ಮೂರು ದಿನ ರಜೆ ಒಟ್ಟಿಗೆ ಬಂತೆಂದರೆ ಊಟದ ಟೇಬಲ್ಲಿನಲ್ಲಿ ಒಂದೇ ಮಾತು: "ಯಾವ ಹಿಲ್ ಸ್ಟೇಷನ್?" ಊಟಿ, ಕೊಡೈಕೆನಾಲ್, ಮುನ್ನಾರ್... ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಲೆಕ್ಕ ಹಾಕಿದರೆ ತಲೆಗೆ ಎಂಟು-ಹತ್ತು ಸಾವಿರ. ಕಳೆದ ಡಿಸೆಂಬರಿನಲ್ಲಿ ನಾನು ಆ ಲೆಕ್ಕದಿಂದ ತಪ್ಪಿಸಿಕೊಂಡು ಊರಿಗೆ ಹೋದೆ. ಅಲ್ಲಿಂದ ಒಬ್ಬನೇ ಎರಡು ದಿನ, ಒಂದು ರಾತ್ರಿ, ಎರಡು ಸಾವಿರದೊಳಗಿನ ಖರ್ಚಿನಲ್ಲಿ ಘಟ್ಟ ಹತ್ತಿ ಇಳಿದು ಬಂದೆ. ಊಟಿಗೆ ಹೋಗಿಬಂದ ಪಕ್ಕದ ಮನೆಯವರ ಸುದ್ದಿ ಕೇಳಿ ನಮ್ಮಮ್ಮಮ್ಮ ಹೇಳಿದ ಮಾತು ಈ ಪ್ರವಾಸಕ್ಕೆ ನೆಪ: "ಗುಡ್ಡಿ ಕಾಂಬುಕೆ ಅಷ್ಟ್ ದೂರ ಹೋಯ್ಕಾ ಮಗಾ?"

ನಮ್ಮೂರು ಶಿರೂರು. ಯಾವ ಶಿರೂರು ಅಂತ ಮೊದಲೇ ಹೇಳಿಬಿಡುತ್ತೇನೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಅಲ್ಲ. 2024ರ ಜುಲೈನಲ್ಲಿ ಗುಡ್ಡ ಕುಸಿದು ಜನ ಸತ್ತ ಅಂಕೋಲೆಯ ಶಿರೂರೂ ಅಲ್ಲ (ಆ ವಾರ ಸಿಕ್ಕವರೆಲ್ಲ ನನ್ನನ್ನು "ನಿಮ್ಮನೆ ಕಡೆ ಎಲ್ಲ ಸರಿ ಇದೆಯಾ" ಅಂತ ಕೇಳುತ್ತಿದ್ದರು). ಇದು ಬೈಂದೂರು ತಾಲೂಕಿನ ಶಿರೂರು. ಉಡುಪಿ ಜಿಲ್ಲೆ ಉತ್ತರಕ್ಕೆ ಇಲ್ಲಿಗೆ ಮುಗಿಯುತ್ತದೆ, ಆಚೆಗೆ ಭಟ್ಕಳ. ಹೆದ್ದಾರಿಯಲ್ಲಿ ಹೋಗುವವರಿಗೆ ನಮ್ಮೂರೆಂದರೆ ಒಂದು ಟೋಲ್ ಗೇಟು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ತಲೆ ಎತ್ತಿದರೆ ನೀಲಿ ಗೋಡೆಯ ಹಾಗೆ ಘಟ್ಟ. ನಮ್ಮಲ್ಲಿ ಅದಕ್ಕೆ "ಹಿಲ್ಸ್" ಅಂತ ಯಾರೂ ಹೇಳುವುದಿಲ್ಲ. "ಘಟ್ಟದ ಮೇಲೆ" ಅಂತಾರೆ. ಮದುವೆ ಸಂಬಂಧ ಘಟ್ಟದ ಮೇಲಿನದ್ದು, ಕೊಪ್ಪೆ ಅಡಿಕೆ ಘಟ್ಟದ ಮೇಲಿನದ್ದು.

ಈ ಎರಡು ಪದಗಳ ನಡುವಿನ ವ್ಯತ್ಯಾಸದಲ್ಲಿ ನಮ್ಮ ಇತಿಹಾಸವೇ ಇದೆ ಅಂತ ನನಗನ್ನಿಸಿದ್ದು ಈ ಪ್ರವಾಸದಲ್ಲಿ.

ಹಿಲ್ ಸ್ಟೇಷನ್ ಅನ್ನುವುದು ಬ್ರಿಟಿಷರು ತಮ್ಮ ಅಗತ್ಯಕ್ಕೆ ಕಟ್ಟಿಕೊಂಡದ್ದು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ತೋಡರ ಎಮ್ಮೆ ಮೇಯುತ್ತಿದ್ದ ಜಾಗದಲ್ಲಿ ಬಂಗಲೆ ಎದ್ದಿತು, ಬಿಸಿಲು ತಾಳದ ಸಿಪಾಯಿ-ಅಧಿಕಾರಿಗಳಿಗೆ ಆರೋಗ್ಯಧಾಮ ಬಂತು, ಕೊನೆಗೆ ಮದರಾಸಿನ ಸರ್ಕಾರವೇ ಬೇಸಿಗೆಗೆ ಅಲ್ಲಿಗೆ ಏರತೊಡಗಿತು. ನಮ್ಮ ದಕ್ಷಿಣ ಕನ್ನಡದ ದೊರೆಗಳೂ ಕುದುರೆಮುಖದ ಮೇಲೆ ಒಂದು ಬಂಗಲೆ ಇಟ್ಟುಕೊಂಡಿದ್ದರು. ಕೆಳಗಿನ ಸೆಖೆಯಿಂದ ಸ್ವಲ್ಪ ದಿನ ಪಾರಾಗಲು ಹೋಗುವ ಜಾಗ ಅದು. ಕೆಳಗಿನ ಊರಿಗೂ ಮೇಲಿನ ಊರಿಗೂ ಬೇರೆ ಸಂಬಂಧ ಬೇಕಿಲ್ಲ.

ನಮ್ಮ ಘಟ್ಟ ಹಾಗಲ್ಲ. ಅದು ದಾರಿ.

ಮೊದಲ ದಿನ ಶಿರೂರಿನಿಂದ ಬೈಂದೂರು, ಅಲ್ಲಿಂದ ಕೊಲ್ಲೂರು. ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪು. ಒಬ್ಬನೇ ಹೋಗುವವರಿಗೆ ಇಲ್ಲಿ ಒಂದು ಪರೀಕ್ಷೆ: ಜೀಪು ತುಂಬುವವರೆಗೆ ಕಾಯಬೇಕು. ನಾನು ಮುಕ್ಕಾಲು ಗಂಟೆ ಕಾದೆ. ಕೊನೆಗೆ ಕೇರಳದ ಒಂದು ಕುಟುಂಬ ಬಂತು, ಜೀಪು ನಾಗೋಡಿ ಘಾಟಿ ಹತ್ತಿ ನಿಟ್ಟೂರು ಸುತ್ತಿ ಹೊರಟಿತು. ಆ ಮಣ್ಣು ದಾರಿಯ ಕುಲುಕಾಟದ ಬಗ್ಗೆ ಬರೆಯುವುದಿಲ್ಲ, ಹೋದವರಿಗೆ ಗೊತ್ತು :-)

1343 ಮೀಟರಿನ ಕೊಡಚಾದ್ರಿಯ ತುದಿಯಲ್ಲಿ ಸರ್ವಜ್ಞ ಪೀಠದ ಪುಟ್ಟ ಕಲ್ಲಿನ ಗುಡಿಯ ಹತ್ತಿರ ಎಲ್ಲರೂ ಸೂರ್ಯಾಸ್ತಕ್ಕೆ ಕಾಯುತ್ತಾರೆ. ನಾನು ನಮ್ಮೂರನ್ನು ಹುಡುಕುತ್ತಿದ್ದೆ. ಊರು ಕಾಣಲಿಲ್ಲ, ಕಡಲ ಅಂಚು ಮಾತ್ರ ಮಂಜಿನಲ್ಲಿ ಗೆರೆ ಎಳೆದ ಹಾಗೆ ಕಂಡಿತು. ನೂರು ವರ್ಷದ ಹಿಂದೆ ಇಲ್ಲಿ ನಿಂತಿದ್ದರೆ ಮೂರು ಬೇರೆ ಬೇರೆ ಆಡಳಿತಗಳ ನೆಲ ಕಣ್ಣಳತೆಯಲ್ಲಿ ಇರುತ್ತಿತ್ತು. ಕಾಲ ಕೆಳಗಿನದು ಮೈಸೂರು ಮಹಾರಾಜರದ್ದು. ಕೆಳಗೆ ಬೈಂದೂರು, ಶಿರೂರು ಮದರಾಸು ಪ್ರಾಂತ್ಯ. ಶಿರೂರು ದಾಟಿದ ಕೂಡಲೇ ಭಟ್ಕಳ, ಅದು ಮುಂಬಯಿ ಪ್ರಾಂತ್ಯ. ಮೂರೂ ಕಡೆ ಜನ ಆಡುತ್ತಿದ್ದದ್ದು ಕನ್ನಡ!

ಈ ಗೆರೆಗಳು ಹಳೆಯವಲ್ಲ. ಅದಕ್ಕಿಂತ ಮೊದಲು ಇದೆಲ್ಲ ಒಂದೇ ಆಗಿತ್ತು. ಕೆಳದಿಯ ನಾಯಕರು ಘಟ್ಟದ ಮೇಲೆ ಕೂತು ಕರಾವಳಿಯನ್ನೂ ಆಳಿದವರು. 16ನೇ ಶತಮಾನದಲ್ಲಿ ವಿಜಯನಗರದ ಅಧೀನದಲ್ಲಿ ಸದಾಶಿವ ನಾಯಕನಿಗೆ ಬಾರಕೂರು-ಮಂಗಳೂರು ಸೀಮೆಗಳ ಉಸ್ತುವಾರಿ ಸಿಕ್ಕಿತು. ಆಮೇಲೆ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ (ಇಂದಿನ ನಗರ) ಹೋಯಿತು. ಬಿದನೂರಿನಿಂದ ಇಳಿದರೆ ಕುಂದಾಪುರ-ಬಸ್ರೂರು. ಮೇಲಿನ ಮೆಣಸು ಇಳಿಯಬೇಕು, ಕೆಳಗಿನ ಉಪ್ಪು ಹತ್ತಬೇಕು, ಬಸ್ರೂರಿನ ಅಕ್ಕಿ ಹಡಗು ಹತ್ತಬೇಕು. ಆ ಅಕ್ಕಿಗಾಗಿಯೇ ಗೋವೆಯ ಪೋರ್ಚುಗೀಸರು 1569ರಲ್ಲಿ ಬಸ್ರೂರು ಹೊಳೆಯ ಬಾಯಲ್ಲಿ ಕೋಟೆ ಹಾಕಿದ್ದರು. ಅವರ ಕರಾವಳಿ ಕೋಟೆಗಳನ್ನು 1650ರ ದಶಕದಲ್ಲಿ ಕಿತ್ತುಕೊಂಡವನು ಘಟ್ಟದ ಮೇಲಿನ ಶಿವಪ್ಪ ನಾಯಕ.

ಈ ದಾರಿಯಲ್ಲಿ ನಮಗಿಂತ ಮೊದಲು ಓಡಾಡಿದ ಒಬ್ಬ "ಸೋಲೋ ಟ್ರಾವೆಲರ್" ಇದ್ದಾನೆ, ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಬ್ಬನ ಜೊತೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ. ಅವನಿಗೆ ವ್ಯಾಪಾರವೂ ಇರಲಿಲ್ಲ, ಮತಪ್ರಚಾರವೂ ಇರಲಿಲ್ಲ, ಸುಮ್ಮನೆ ನೋಡುವ ಹುಚ್ಚು. ಘಟ್ಟದ ಮೇಲೆ ಒಂದು ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟಿದ್ದಾನೆ. ರಾಯಭಾರಿಯನ್ನು ಇಕ್ಕೇರಿಯಲ್ಲೇ ಬಿಟ್ಟು ತನ್ನ ಪಾಡಿಗೆ ತಾನು ಘಟ್ಟ ಇಳಿದು ಬಸ್ರೂರು ಸೇರಿದ. ರಾಜಾರಾಣಿಯರ ಕತೆ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ, ಮರಳಿನಲ್ಲಿ ಲೆಕ್ಕ ಬರೆದ ಹುಡುಗರು ಸಿಗುವುದು ಇಂಥವರಲ್ಲಿ ಮಾತ್ರ.

ರಾತ್ರಿ ಕೊಲ್ಲೂರಿನಲ್ಲಿ ಕಡಿಮೆ ಬಾಡಿಗೆಯ ರೂಮು, ದೇವಸ್ಥಾನದ ಊಟ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮತ್ತೆ ನಾಗೋಡಿ ಹತ್ತಿ ನಿಟ್ಟೂರು, ಅಲ್ಲಿಂದ ನಗರ. ಕೆರೆಯ ಪಕ್ಕ, ರಸ್ತೆಗೆ ತಾಗಿಕೊಂಡೇ ಶಿವಪ್ಪ ನಾಯಕನ ಕೋಟೆ. ಜಂಬಿಟ್ಟಿಗೆಯ ಕಲ್ಲು, ಪಾಚಿ, ದರ್ಬಾರಿನ ಅಡಿಪಾಯ, ಅಕ್ಕ-ತಂಗಿ ಕೊಳ. ನಾನು ಹೋದಾಗ ಕೋಟೆಯಲ್ಲಿ ಇನ್ನಿಬ್ಬರು ಮಾತ್ರ ಇದ್ದರು. 1763ರಲ್ಲಿ ಹೈದರಾಲಿ ಬಂದಾಗ ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಹಚ್ಚಿಸಿ ಇಲ್ಲಿಂದ ಪಾರಾದಳು. ಹೈದರ್ ಇದನ್ನು ಹೈದರ್‌ನಗರ ಮಾಡಿದ, ಹೈದರ್ ಉದುರಿ ಈಗ ಬರೀ "ನಗರ" ಉಳಿದಿದೆ.

ನಗರದಿಂದ ಕುಂದಾಪುರಕ್ಕೆ ಇಳಿಯುವುದು ಬಾಳೆಬರೆ ಘಾಟಿಯಲ್ಲಿ (ಹುಲಿಕಲ್ ಘಾಟಿ ಅಂತಲೂ ಹೇಳುತ್ತಾರೆ). ಚಂಡಿಕಾಂಬೆಯ ಗುಡಿ ಎದುರು ಡ್ರೈವರುಗಳು ನಿಧಾನ ಮಾಡಿ ಕೈಮುಗಿಯುತ್ತಾರೆ. ಈ ಇಳಿಜಾರಿನ ಆಸುಪಾಸಿನಲ್ಲೇ, ಹೊಸಂಗಡಿ ಘಾಟಿ ಅಂತ ಆಗ ಹೆಸರಾಗಿದ್ದ ದಾರಿಯಲ್ಲಿ, 1783ರ ಜನವರಿಯಲ್ಲಿ ಕಂಪನಿಯ ಜನರಲ್ ಮ್ಯಾಥ್ಯೂಸ್ ಕುಂದಾಪುರದಿಂದ ಸೈನ್ಯ ಹತ್ತಿಸಿದ. ದಾರಿಯುದ್ದಕ್ಕೂ ಇದ್ದ ಬತೇರಿಗಳನ್ನು ಒಂದೊಂದಾಗಿ ಹಿಡಿದು ಮೇಲೆ ಹೋದ, ಬಿದನೂರು ಯುದ್ಧವಿಲ್ಲದೆ ಕೈಗೆ ಬಂತು. ಏಪ್ರಿಲ್ ಕೊನೆಗೆ ಟಿಪ್ಪು ಅದನ್ನು ವಾಪಸು ಪಡೆದ. ಮ್ಯಾಥ್ಯೂಸ್ ಅದೇ ವರ್ಷ ಸೆರೆಯಲ್ಲಿ ಸತ್ತ. ಮೂರು ತಿಂಗಳ ಗೆಲುವು ಅಷ್ಟೇ. ಆದರೆ ಒಂದು ವಿಷಯ ಇದರಿಂದ ಸ್ಪಷ್ಟ: ಬಿದನೂರು ಬೇಕಾದವನು ಕುಂದಾಪುರದಿಂದ ಹತ್ತಬೇಕಿತ್ತು. ಎರಡೂ ಒಂದೇ ಹಗ್ಗದ ಎರಡು ತುದಿ.

ಆ ಹಗ್ಗ ತುಂಡಾದದ್ದು 1799ರಲ್ಲಿ. ಟಿಪ್ಪು ಸತ್ತ ಮೇಲೆ ಕಂಪನಿ ಕೆನರಾವನ್ನು ತಾನು ಇಟ್ಟುಕೊಂಡು ನಗರವನ್ನು ಮೈಸೂರಿನ ಒಡೆಯರಿಗೆ ಕೊಟ್ಟಿತು. ಘಟ್ಟದ ಅಂಚು ಗಡಿಯಾಯಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋಯಿತು, ಕುಂದಾಪುರ ತಾಲೂಕು ಮದರಾಸಿನಲ್ಲೇ ಉಳಿಯಿತು. ಹಾಗೆ ನಮ್ಮ ಶಿರೂರಿಗೆ ಇನ್ನೊಂದು ಗಡಿ ಬಂತು. ನಕಾಶೆ ಹರಿದರೂ ಜನ ಕೂಡಲೇ ಬೇರೆಯಾಗಲಿಲ್ಲ. 1830-31ರಲ್ಲಿ ಕಂದಾಯದ ಹೊರೆ ತಾಳಲಾರದೆ ಮೇಲೆ ನಗರದ ರೈತರು ದಂಗೆಯೆದ್ದರು, ಕೆಳಗೆ ಕೆನರಾದ ರೈತರು ಕೂಟ ಸೇರಿ ತೆರಿಗೆ ಕೊಡುವುದಿಲ್ಲ ಅಂದರು. ಆಡಳಿತ ಎರಡು, ಸಂಕಟ ಒಂದೇ.

1956ರ ನವೆಂಬರ್ 1ಕ್ಕೆ ಮೂರೂ ತುಂಡು ಮತ್ತೆ ಒಂದೇ ರಾಜ್ಯದಲ್ಲಿ ಸೇರಿದವು. ಆದರೆ ಒಂದೂವರೆ ಶತಮಾನದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಈಗ ನಮಗೆ ಮೇಲಿನದು "ಮಲೆನಾಡು, ಟ್ರೆಕ್ಕಿಂಗ್, ಹೋಂಸ್ಟೇ". ಅವರಿಗೆ ನಾವು "ಬೀಚು". ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಯಜಮಾನರು ಎಕ್ಸ್‌ರೇ ಕವರು ಮಡಿಲಲ್ಲಿಟ್ಟುಕೊಂಡು ಮಣಿಪಾಲಕ್ಕೆ ಹೊರಟಿದ್ದರು. "ಮಳೆಗಾಲದಲ್ಲಿ ಘಾಟಿ ಕುಸಿದರೆ ನಮ್ಮ ಕತೆ ಮುಗೀತು ನೋಡಿ" ಅಂದರು. ನನಗೆ ಸೀನರಿ, ಅವರಿಗೆ ಆಸ್ಪತ್ರೆಯ ದಾರಿ. ಉತ್ತರಕ್ಕೆ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರೂ ಹಾಗೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದ ಮೇಲೆ ಸಾಗರಕ್ಕೆ ಹೋಗಲು ಲಾಂಚಿಗೆ ಕಾದವರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನಾವು ಲಾಂಚಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಅರವತ್ತು ವರ್ಷ ಅವರು ದಾರಿ ಕೇಳುತ್ತಿದ್ದರು.

ಆದ್ದರಿಂದ ಗೆಳೆಯರೇ, ಕರಾವಳಿಯ ಕಡೆಯವರಾದರೆ ಒಮ್ಮೆ ಹೀಗೆ ಹೋಗಿಬನ್ನಿ: ಒಂದು ಘಾಟಿಯಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯಿರಿ, ಸಾಧ್ಯವಾದಷ್ಟು ಬಸ್ಸಿನಲ್ಲಿ. ಕಾರಿನಲ್ಲಿ ಹೋದರೆ ತಿರುವುಗಳು ಕಾಣುತ್ತವೆ, ಬಸ್ಸಿನಲ್ಲಿ ಹೋದರೆ ದಾರಿ ಯಾರದ್ದು ಅಂತ ಗೊತ್ತಾಗುತ್ತದೆ. ಮಳೆಗಾಲ ಬಿಟ್ಟು ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ನಗರದ ಕೋಟೆಗೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ, ನೀರು ಜೊತೆಗಿರಲಿ. ನಿಮ್ಮೂರಿನ ಘಾಟಿಗೂ ಇಂಥದ್ದೇ ಕತೆ ಇದ್ದೀತು. ಚಾರ್ಮಾಡಿಯವರು, ಆಗುಂಬೆಯವರು, ದೇವಿಮನೆಯವರು... ನೀವೂ ಬರೆಯಿರಿ, ಓದಲು ನಾನಿದ್ದೇನೆ.