ಮದುವೆಯ ಡಿ.ವಿ.ಡಿ.ಗೊಂದು ಪಡಿಯಚ್ಚು

ಹರಿಹರದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ನೋಡದ ದಾವಣಗೆರೆಯವರು ವಿರಳ. ಓದಿದವರು ಇನ್ನೂ ವಿರಳ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಈ ಗುಡಿಯನ್ನು ಕಟ್ಟಿಸಿದನೆಂದು ನಾವು ಮನೆಯಲ್ಲಿಯೇ ಕುಳಿತು ಓದಬಹುದಾದರೆ, ಅದು ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಿಂದ. ಶಾಸನವನ್ನು ಕಣ್ಣಿಗೆ ಕಂಡಂತೆ ಬರೆದುಕೊಳ್ಳುವುದು ಒಂದು ಬಗೆ. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟಿ ಪಡಿಯಚ್ಚು ತೆಗೆಯುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಬರೆಯುವವನ ಬುದ್ಧಿ ನಡುವೆ ಬರುತ್ತದೆ. ಎರಡನೆಯದರಲ್ಲಿ ಬಿರುಕು ಸಹ ಬಿರುಕಾಗಿಯೇ ಬರುತ್ತದೆ. ಓದುವ ಕೆಲಸ ಆಮೇಲಿನದು.

ನಮ್ಮ ಕಪಾಟುಗಳಲ್ಲಿಯೂ ಅಳಿಯುತ್ತಿರುವ ಶಾಸನಗಳಿವೆಯಷ್ಟೆ. ಸ್ಟುಡಿಯೋದವರು ಕೊಟ್ಟ ಮದುವೆಯ ಡಿ.ವಿ.ಡಿ.ಗಳನ್ನು ಕುರಿತು ಹೇಳುತ್ತಿದ್ದೇನೆ. ಹರಿಹರದ ನಮ್ಮ ಚಿಕ್ಕಪ್ಪನವರಲ್ಲಿ ಅಂಥದೊಂದಿದೆ. ಮಗಳ ಮದುವೆಯಲ್ಲಿ ಚಿಕ್ಕಮ್ಮ ಹಾಡಿದ ಸೋಬಾನೆ ಅದರಲ್ಲಿದೆ. (ಸ್ಟುಡಿಯೋದವರು ಅದರ ಮೇಲೆ ಸಿನಿಮಾ ಹಾಡನ್ನು ಹಾಕದೆ ಬಿಟ್ಟದ್ದು ನಮ್ಮ ಪುಣ್ಯ.) ಚಿಕ್ಕಮ್ಮ ಈಗಿಲ್ಲ, ಆ ಧ್ವನಿ ಬೇರೆಲ್ಲಿಯೂ ಇಲ್ಲ. “ನನ್ನ ಕಂಪ್ಯೂಟರು ಹಳೇದಪ್ಪ, ಅದಕ್ಕೆ ಭಾರ ಆಗ್ದಂಗೆ ಯಾವುದಾದ್ರೂ ಸಾಫ್ಟ್‌ವೇರ್ ಹೇಳು” ಎಂದರು ಚಿಕ್ಕಪ್ಪ.

ಈ ಸಾಫ್ಟ್‌ವೇರುಗಳು ಭಾರವಾದದ್ದಕ್ಕೂ ಒಂದು ಚರಿತ್ರೆಯಿದೆ. 1996ರಲ್ಲಿ ಡಿ.ವಿ.ಡಿ. ಜಪಾನಿನ ಅಂಗಡಿಗಳಿಗೆ ಬಂದಾಗ, ಸಿನಿಮಾ ಕಂಪನಿಗಳು ತಮ್ಮ ಡಿಸ್ಕುಗಳಿಗೆ ಗುಪ್ತಲಿಪಿಯ ಬೀಗ ಹಾಕಿಸಿದವು. 1999ರಲ್ಲಿ ಆ ಬೀಗ ಒಡೆಯಿತು. ಅಲ್ಲಿಂದ ಮುಂದೆ ಹುಟ್ಟಿದ ಪ್ರತಿಯೆತ್ತುವ ಸಾಫ್ಟ್‌ವೇರುಗಳಲ್ಲಿ ಹಲವು ಬೀಗ ತೆಗೆಯುವುದಕ್ಕೆ, ಇಲ್ಲವೆ 8.5 ಗಿಗಾಬೈಟಿನ ಸಿನಿಮಾವನ್ನು 4.7ರ ಡಿಸ್ಕಿಗೆ ಅಡಕುವುದಕ್ಕೆ ಹುಟ್ಟಿದವು. ಮದುವೆಯ ಡಿ.ವಿ.ಡಿ.ಗೆ ಸಾಮಾನ್ಯವಾಗಿ ಬೀಗವೇ ಇರುವುದಿಲ್ಲ. ಅಡಕುವ ಅಗತ್ಯವೂ ಇಲ್ಲ. ಹೀಗಿರುವಾಗ ಆ ಸರಂಜಾಮನ್ನೆಲ್ಲ ಹಳೆಯ ಯಂತ್ರದ ಮೇಲೆ ಏಕೆ ಹೇರಬೇಕು?

2003ರಲ್ಲಿ ಆರಂಭವಾದ ಹ್ಯಾಂಡ್‌ಬ್ರೇಕ್ ಒಳ್ಳೆಯ ಸಾಧನವೇ. ಆದರೆ ಅದು ಚಿತ್ರವನ್ನು ಬಿಡಿಸಿ ಮತ್ತೆ ಹೊಸದಾಗಿ ಕಟ್ಟುತ್ತದೆ. ಹಳೆಯ ಕಂಪ್ಯೂಟರಿಗೆ ಅದು ಗಂಟೆಗಟ್ಟಲೆಯ ಕೆಲಸ. ಜೊತೆಗೆ ಕಟ್ಟುವಾಗ ಸ್ವಲ್ಪ ಸವೆಯುತ್ತದೆ. ಅದು ನೋಡಿ ಬರೆದ ಪ್ರತಿ. ಪಡಿಯಚ್ಚು ಬೇಕಾದರೆ 2005ರ ಇಮ್ಗ್‌ಬರ್ನ್ ಸಾಕು. ಕೆಲವೇ ಮೆಗಾಬೈಟಿನ ಈ ಸಾಫ್ಟ್‌ವೇರಿನ ಕೊನೆಯ ಆವೃತ್ತಿ 2013ರದು. ಅದು ಬೀಗ ತೆಗೆಯುವುದಿಲ್ಲ, ಚಿತ್ರವನ್ನು ಮುಟ್ಟುವುದಿಲ್ಲ. ಇಡೀ ಡಿಸ್ಕನ್ನು ಇದ್ದದ್ದು ಇದ್ದಂತೆ ಒಂದು ಐ.ಎಸ್.ಒ. ಫೈಲಾಗಿ ಎತ್ತಿಡುತ್ತದೆ. ಅದೂ ಬೇಡವೆನ್ನುವವರು ಡಿಸ್ಕಿನಲ್ಲಿರುವ ‘ವಿಡಿಯೋ ಟಿ.ಎಸ್.’ ಎಂಬ ಫೋಲ್ಡರನ್ನು ಕಂಪ್ಯೂಟರಿಗೆ ಹಾಗೆಯೇ ನಕಲು ಮಾಡಿಕೊಂಡರೂ ಆಯಿತು. ಮೊಬೈಲಿಗೆ ಕಳಿಸುವ ಸಣ್ಣ ಪ್ರತಿಯನ್ನು ಹ್ಯಾಂಡ್‌ಬ್ರೇಕಿನಿಂದ ಆಮೇಲೆ ಮಾಡಿಕೊಳ್ಳಬಹುದು, ಐ.ಎಸ್.ಒ.ವನ್ನು ಮಾತ್ರ ಅಳಿಸಬಾರದು.

ತಡಮಾಡುವುದಂತೂ ಸಲ್ಲ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕಿನಲ್ಲಿ ಅಕ್ಷರಗಳೆಲ್ಲ ಬಣ್ಣದ ಒಂದು ತೆಳುಪದರದಲ್ಲಿವೆ. ಬಿಸಿಲು, ಸೆಕೆ, ತೇವಗಳಿಗೆ ಅದು ಮಾಸುತ್ತದೆ. ದಾವಣಗೆರೆಯ ಬೇಸಿಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಈಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೂ ಇಲ್ಲ. ಹೊರಗಿನಿಂದ ಒಂದು ಡ್ರೈವ್ ಕೊಂಡು ಜೋಡಿಸಬೇಕು.

ಚಿಕ್ಕಪ್ಪನವರ ಡಿಸ್ಕು ಇಮ್ಗ್‌ಬರ್ನಿನಲ್ಲಿ ಮುಕ್ಕಾಲು ಪಾಲು ಬಂದು ನಿಂತಿತು. ಆಗ ಲಿನಕ್ಸಿನ ಡಿ.ಡಿ.ರೆಸ್ಕ್ಯೂವನ್ನು ಹಿಡಿದೆವು. ಅದು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಬಾರದ್ದನ್ನು ಪಟ್ಟಿಮಾಡಿಟ್ಟು, ಮತ್ತೆ ಮತ್ತೆ ಹೋಗಿ ಕೇಳುತ್ತದೆ. ಎರಡು ದಿನ ಓಡಿತು. ಡಿ.ವಿ.ಡಿ.ಯನ್ನು ಬರೆಯುವುದು ಒಳಗಿನಿಂದ ಅಂಚಿನ ಕಡೆಗೆ, ಮಾಸಿದ್ದದ್ದು ಅಂಚು. ಊಟದ ಪಂಕ್ತಿ ಹೋಯಿತು. ಸೋಬಾನೆ ಬಂದಿದೆ.