ಜೀಪು ಎಷ್ಟು ಎತ್ತರವಿರಬೇಕು?

ಹೋದ ಮಳೆಗಾಲದ ಒಂದು ರಾತ್ರಿ ನಮ್ಮತ್ತೆಗೆ ಉಸಿರು ಕಟ್ಟಿದಂತಾಯಿತು. ಮೂಡಿಗೆರೆ ಸೀಮೆಯ ನಮ್ಮ ತೋಟದಿಂದ ಟಾರು ರಸ್ತೆಗೆ ಎರಡು ಮೈಲಿ ಮಣ್ಣಿನ ದಾರಿ. ಅತ್ತೆಯನ್ನು ಕಂಬಳಿಯಲ್ಲಿ ಸುತ್ತಿ, ಮಗ ಎತ್ತಿ ಜೀಪಿನಲ್ಲಿ ಕೂರಿಸಿದ. ಅರ್ಧ ದಾರಿಗೆ ಬರುವಷ್ಟರಲ್ಲಿ ಜೀಪು ಹೊಟ್ಟೆ ಊರಿ ಕೂತುಬಿಟ್ಟಿತು. ಚಕ್ರದ ಜಾಡು ಮಳೆಗೆ ಆಳವಾಗಿ ಕೊರೆದು, ನಡುವಿನ ಮಣ್ಣು ದಿಬ್ಬದಂತೆ ನಿಂತಿತ್ತು. ಲೈನಿನ ಮನೆಗಳಿಂದ ಆಳುಗಳು ಬಂದು ದೂಡುವವರೆಗೆ ಮುಕ್ಕಾಲು ಗಂಟೆ ನಾನು ಅತ್ತೆಯ ಎದೆ ನೀವುತ್ತಾ ಕೂತಿದ್ದೆ. ದೇವರು ದೊಡ್ಡವನು, ಅತ್ತೆ ಉಳಿದುಕೊಂಡರು.

ಅವರು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮಗ ತೀರ್ಮಾನ ಹೇಳಿದ. "ಅಮ್ಮಾ, ಜೀಪನ್ನ ನಾಲ್ಕು ಇಂಚು ಎತ್ತರ ಮಾಡಿಸ್ತೀನಿ. ಲಿಫ್ಟ್ ಕಿಟ್ ಅಂತ ಸಿಗುತ್ತೆ. ಇನ್ನು ಮೇಲೆ ಎಲ್ಲೂ ಕೂರಲ್ಲ."

ಅವನ ಕಳವಳ ನನಗೂ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಆ ಜೀಪು ನಮ್ಮ ಮಾವನವರು ತಂದದ್ದು. 1991ರಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವರೇ ಪಕ್ಕದಲ್ಲಿ ಕೂತು ನನಗೆ ಓಡಿಸಲು ಕಲಿಸಿದ್ದರು. ಸೀರೆ ಉಟ್ಟು ಜೀಪು ಓಡಿಸುವ ಸೊಸೆಯನ್ನು ನೋಡಿ ಊರವರು ನಕ್ಕಿದ್ದೂ ಉಂಟು. ಅಂಥ ಜೀಪಿಗೆ ಕೈ ಹಾಕುವ ಮೊದಲು ಅದನ್ನು ಮೊದಲು ಕಟ್ಟಿದವರು ಯಾಕೆ ಹಾಗೆ ಕಟ್ಟಿದರು ಎಂದು ತಿಳಿಯಬೇಕೆನಿಸಿತು. ಓದುತ್ತಾ ಹೋದಂತೆ ಅದೊಂದು ದೊಡ್ಡ ಕತೆಯೇ ಆಗಿತ್ತು.

1940ರ ಜುಲೈ. ಯೂರೋಪಿನಲ್ಲಿ ಯುದ್ಧ ಹೊತ್ತಿ ಉರಿಯುತ್ತಿತ್ತು. ಅಮೆರಿಕದ ಸೈನ್ಯಕ್ಕೆ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ, ಹಗುರವಾದ ಒಂದು ಪುಟ್ಟ ಗಾಡಿ ಬೇಕಾಯಿತು. 135 ಕಂಪನಿಗಳಿಗೆ ಕಾಗದ ಬರೆದರು. ಮೊದಲ ಗಾಡಿ ಕಟ್ಟಿಕೊಡಲು 49 ದಿನಗಳ ಗಡುವು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನನ್ನು ಕರೆಸಿತು. ಆತ ಕೆಲವೇ ದಿನಗಳಲ್ಲಿ ನಕ್ಷೆ ಬರೆದ. ಸೆಪ್ಟೆಂಬರ್ 23ರಂದು ಗಾಡಿ ಸೈನ್ಯದ ಅಂಗಳದಲ್ಲಿ ನಿಂತಿತ್ತು. ಆದರೆ ದೊಡ್ಡ ಆರ್ಡರು ಹೋದದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು.

ಆ ವಿಲ್ಲೀಸ್ ಜೀಪಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇದ್ದ ಅಂತರ 80 ಇಂಚು ಮಾತ್ರ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಪ್ಲೇಟುಗಳ ಮೇಲೆ ಅದರ ಭಾರವೆಲ್ಲ ಕೂರುತ್ತಿತ್ತು. ಆ ಪ್ಲೇಟುಗಳನ್ನು ಆಕ್ಸಲಿನ ಮೇಲಿಡದೆ ಕೆಳಗಿಟ್ಟು ಕಟ್ಟಿದ್ದರಿಂದ ಗಾಡಿ ನೆಲಕ್ಕೆ ಹತ್ತಿರವಾಗಿ, ಗಟ್ಟಿಯಾಗಿ ನಿಲ್ಲುತ್ತಿತ್ತು. ನೋಡಿ, ಯುದ್ಧಕ್ಕೆಂದು ಕಟ್ಟಿದವರೂ ಎತ್ತರವೊಂದೇ ಸಾಕು ಎಂದುಕೊಳ್ಳಲಿಲ್ಲ.

ನಮ್ಮ ದೇಶಕ್ಕೆ ಜೀಪು ನೆಲೆಯಾಗಿ ಬಂದದ್ದು ಇನ್ನೊಂದು ಬಗೆಯಲ್ಲಿ. 1945ರಲ್ಲಿ ಮಹೀಂದ್ರ ಸಹೋದರರೂ ಗುಲಾಂ ಮಹಮ್ಮದರೂ ಸೇರಿ 'ಮಹೀಂದ್ರ ಅಂಡ್ ಮಹಮ್ಮದ್' ಎಂಬ ಕಂಪನಿ ತೆರೆದರು. ದೇಶ ಒಡೆಯಿತು. ಗುಲಾಂ ಮಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಎಂದಾಯಿತು. ಆ ದಶಕದ ಕೊನೆಯಲ್ಲಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ಜೋಡಿಸುವ ಕೆಲಸ ಶುರುವಾಯಿತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಗೊಬ್ಬರ ಹೊತ್ತದ್ದೂ, ಕಾಫಿ ಮೂಟೆ ಹೊತ್ತದ್ದೂ, ಮದುವೆ ದಿಬ್ಬಣ ಹೊತ್ತದ್ದೂ, ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಒಯ್ದದ್ದೂ ಈ ವಂಶದ ಜೀಪುಗಳೇ.

ಹಾಗಾದರೆ ಜೀಪನ್ನು ಎತ್ತರಿಸುವ ಚಾಳಿ ಎಲ್ಲಿಂದ ಬಂತು? ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಜೀಪು ಜನಸಾಮಾನ್ಯರ ಕೈಗೆ ಬಂತು. ಕ್ಯಾಲಿಫೋರ್ನಿಯಾದ ರುಬಿಕಾನ್ ಎಂಬ ಬಂಡೆಗಲ್ಲಿನ ದಾರಿಯಲ್ಲಿ 1953ರಲ್ಲಿ ಜೀಪುಗಳ ದೊಡ್ಡ ಜಾತ್ರೆಯೇ ನಡೆಯಿತು. ಬಂಡೆ ಹತ್ತಲು ದೊಡ್ಡ ಟೈರು ಬೇಕು. ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದಿರಲು ಒಡಲು ಮೇಲೇರಬೇಕು. ಲಿಫ್ಟ್ ಕಿಟ್ಟಿನ ಹುಟ್ಟು ಇರುವುದು ಈ ಅಗತ್ಯದಲ್ಲಿ.

ಇಷ್ಟು ತಿಳಿದುಕೊಂಡು ಮಗನನ್ನೂ ಕರೆದುಕೊಂಡು ನಮ್ಮ ಹಳೇ ಮೆಕ್ಯಾನಿಕ್ ಸಾಹೇಬರ ಹತ್ತಿರ ಹೋದೆ. "ಸಾಹೇಬ್ರೆ, ಎತ್ತರ ಮಾಡೋಕೆ ಎಷ್ಟು ದಾರಿ ಇದೆ?" ಎಂದು ಕೇಳಿದೆ. ಅವರು ಬೆರಳು ಮಡಿಸುತ್ತಾ ಹೋದರು. ಚಾಸಿಗೂ ಬಾಡಿಗೂ ನಡುವೆ ದಪ್ಪನೆಯ ತುಂಡುಗಳನ್ನಿಟ್ಟು ಬಾಡಿಯನ್ನಷ್ಟೇ ಏರಿಸುವುದು ಒಂದು. ಪ್ಲೇಟಿನ ತುದಿಯ ಶ್ಯಾಕಲನ್ನು ಉದ್ದ ಮಾಡುವುದು ಎರಡು. ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು, ಜೊತೆಗೆ ಮುಂದಿನ ಆಕ್ಸಲಿನ ಓರೆ ಬದಲಾಗಿ ಸ್ಟೇರಿಂಗು ಅಲೆದಾಡುತ್ತದೆ. ಇದ್ದ ಪ್ಲೇಟಿಗೆ ಇನ್ನೊಂದು ಪ್ಲೇಟು ಸೇರಿಸುವುದು ಮೂರು. ಎತ್ತರ ಬರುತ್ತದೆ, ಆದರೆ ಸವಾರಿ ಗಡಸಾಗಿ ಸೊಂಟ ಮುರಿಯುತ್ತದೆ. ಹೆಚ್ಚು ಬಾಗಿದ ಹೊಸ ಸೆಟ್ಟನ್ನೇ ಹಾಕುವುದು ನಾಲ್ಕು. ಆಕ್ಸಲಿನ ಕೆಳಗಿನ ಪ್ಲೇಟನ್ನು ಮೇಲಕ್ಕೆ ತಂದು ಕಟ್ಟುವುದು ಐದು. ಅದರಲ್ಲಿ ಗಾಡಿ ನಾಲ್ಕೈದು ಇಂಚು ಏರುತ್ತದೆ.

"ಏರಿಸಿದ ಮೇಲೆ ಶಾಕ್ ಅಬ್ಸಾರ್ಬರು ಉದ್ದದ್ದು ಬೇಕು, ಬ್ರೇಕಿನ ಪೈಪು ಉದ್ದದ್ದು ಬೇಕು. ಇಲ್ಲದಿದ್ರೆ ಚಕ್ರ ಗುಂಡಿಗೆ ಇಳಿದಾಗ ಪೈಪು ಎಳೆದು ಹರೀತದೆ. ಪ್ರೊಪೆಲ್ಲರ್ ಶಾಫ್ಟು ಕಡಿದಾಗಿ ನಿಂತು ಕ್ರಾಸ್ ಬೇಗ ಸವೀತದೆ" ಎಂದರು ಸಾಹೇಬರು.

ಆಮೇಲೆ ಜೀಪಿನಡಿಗೆ ಜಾರಿ ಟಾರ್ಚು ಬಿಟ್ಟರು. "ಅಮ್ಮಾ, ಬಗ್ಗಿ ನೋಡಿ. ಆವತ್ತು ನೆಲಕ್ಕೆ ಉಜ್ಜಿದ್ದು ಇದು."

ಬಗ್ಗಿ ನೋಡಿದೆ. ಆಕ್ಸಲಿನ ನಡುವಿನ ಆ ಗುಂಡನೆಯ ಹೌಸಿಂಗು ಉಜ್ಜಿ ಹೊಳೆಯುತ್ತಿತ್ತು. ಚಾಸಿಯ ಮೇಲೆ ಒಂದು ಗೆರೆಯೂ ಇರಲಿಲ್ಲ. "ಇದು ಚಕ್ರದ ಜೊತೆ ಇರೋದು. ಪ್ಲೇಟು ಎಷ್ಟು ಏರಿಸಿದ್ರೂ ಇದು ಒಂದು ನೂಲೂ ಮೇಲೆ ಬರಲ್ಲ. ದೊಡ್ಡ ಟೈರು ಹಾಕಿದ್ರೆ ಮಾತ್ರ ಬರ್ತದೆ. ಅದೂ ಎರಡು ಇಂಚು ದೊಡ್ಡದು ಹಾಕಿದ್ರೆ ಒಂದಿಂಚು."

ಮಗ ಮಾತಾಡಲಿಲ್ಲ. ನಾಲ್ಕು ಇಂಚಿನ ಕಿಟ್ಟನ್ನಷ್ಟೇ ಹಾಕಿಸಿದ್ದರೆ ಆ ರಾತ್ರಿಯೂ ಜೀಪು ಅಲ್ಲಿಯೇ ಕೂರುತ್ತಿತ್ತು!

ಇನ್ನೂ ಒಂದು ಮಾತಿತ್ತು. ಸೊಂಟದ ಮೇಲೆ ಕೊಡವಿಟ್ಟು ನಡೆಯುವುದಕ್ಕೂ ತಲೆಯ ಮೇಲೆ ಎರಡು ಕೊಡ ಪೇರಿಸಿ ನಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಚಕ್ರಗಳ ನಡುವಿನ ಅಗಲ ಅಷ್ಟೇ ಇದ್ದು ಭಾರ ಮಾತ್ರ ಮೇಲೇರಿದರೆ, ಓರೆ ದಾರಿಯಲ್ಲಿ ಗಾಡಿ ಬೇಗ ಮಗುಚುತ್ತದೆ. ಹಣ್ಣು ಕುಯ್ಯುವ ಕಾಲದಲ್ಲಿ ಆ ಜೀಪಿನ ಹಿಂದೆ ಆರೇಳು ಹೆಣ್ಣಾಳುಗಳು ಕೂತು ಬರುತ್ತಾರೆ. ಹಳ್ಳದ ಬದಿಯ ತಿರುವು ನನ್ನ ಕಣ್ಣಮುಂದೆ ಬಂತು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು.

ಕೊನೆಗೆ ನಾವು ಮಾಡಿಸಿದ್ದು ಇಷ್ಟು. ಮೂವತ್ತು ವರ್ಷ ಭಾರ ಹೊತ್ತು ಚಪ್ಪಟೆಯಾಗಿದ್ದ ಪ್ಲೇಟುಗಳನ್ನು ತೆಗೆಸಿ, ಮೂಲದ ಅಳತೆಯ ಹೊಸ ಸೆಟ್ಟು ಹಾಕಿಸಿದೆವು. ಹೊಸ ಯು ಬೋಲ್ಟು, ಹೊಸ ಶಾಕ್ ಅಬ್ಸಾರ್ಬರು, ಅದೇ ಅಳತೆಯ ಆಳವಾದ ಹಲ್ಲಿನ ಟೈರು. ಕುಗ್ಗಿದ್ದ ಜೀಪು ತನ್ನ ಹಳೆಯ ಎತ್ತರಕ್ಕೆ ತಾನೇ ಎದ್ದು ನಿಂತಿತು. ಕಿಟ್ಟಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಉಳಿದದ್ದನ್ನು ದಾರಿಗೆ ಹಾಕಿದೆವು. ನಡುವಿನ ದಿಬ್ಬ ಕಡಿಸಿ, ಜಾಡಿಗೆ ಕಲ್ಲು ತುಂಬಿಸಿ, ನೀರು ಪಕ್ಕಕ್ಕೆ ಹರಿಯುವಂತೆ ಚರಂಡಿ ತೋಡಿಸಿದೆವು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ತಾನೇ ಗುದ್ದಲಿ ಹಿಡಿದು ಆಳುಗಳ ಜೊತೆ ನಿಂತ.

ಈ ಮಳೆಗಾಲದಲ್ಲಿ ಅತ್ತೆಯನ್ನು ಮೂರು ಸಲ ಡಾಕ್ಟರ ಹತ್ತಿರ ಕರೆದೊಯ್ದೆ. ಎಲ್ಲಿಯೂ ಕೂರಲಿಲ್ಲ. ಮಣೆಯೊಂದನ್ನು ಮೆಟ್ಟಿಲಾಗಿ ಇಟ್ಟರೆ ಅತ್ತೆ ಸೆರಗು ಬಿಗಿದುಕೊಂಡು ತಾವೇ ಹತ್ತುತ್ತಾರೆ. "ನಿಮ್ಮ ಮಾವ ತಂದಾಗಲೂ ಇಷ್ಟೇ ಎತ್ತರ ಇತ್ತು ಕಣೇ" ಎಂದರು ಮೊನ್ನೆ, ಕೂತು ಸುಧಾರಿಸಿಕೊಂಡ ಮೇಲೆ.